ಗ್ಯಾಸ್ ಅಲಾರಂ ಪ್ಯಾನೆಲ್: ಕೂರಿಸುವಾಗ, ನಡೆಸುವಾಗ ತಪ್ಪಬಾರದ ಹೆಜ್ಜೆಗಳು

ಹೋಟೆಲಿನ ಅಡುಗೆಮನೆಗೆ ಬರುವ 19 ಕೆ.ಜಿ. ಸಿಲಿಂಡರ್ ಪೂರ್ತಿ ಸೋರಿದರೆ ಸುಮಾರು 9 ಘನ ಮೀಟರ್ ಅನಿಲವಾಗುತ್ತದೆ. ಎಲ್‌ಪಿಜಿ ಗಾಳಿಯಲ್ಲಿ ಶೇ 1.8ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಅದೊಂದೇ ಸಿಲಿಂಡರ್ ಸುಮಾರು 500 ಘನ ಮೀಟರ್ ಗಾಳಿಯನ್ನು, ಎಂದರೆ ಸಾಕಷ್ಟು ದೊಡ್ಡ ಊಟದ ಹಾಲ್ ಒಂದನ್ನು, ಸ್ಫೋಟಕ್ಕೆ ಅಣಿ ಮಾಡಬಲ್ಲದು. ಕಲ್ಯಾಣ ಮಂಟಪ, ಹಾಸ್ಟೆಲ್, ಆಸ್ಪತ್ರೆ ಕ್ಯಾಂಟೀನ್‌ಗಳಲ್ಲಿ ಇಂಥ ಹಲವು ಸಿಲಿಂಡರ್‌ಗಳನ್ನು ಒಂದೇ ಮ್ಯಾನಿಫೋಲ್ಡ್‌ಗೆ ಜೋಡಿಸಿರುತ್ತಾರೆ.

ಅದಕ್ಕೇ ಈಗ ಬಹಳ ಕಡೆ ನಾಲ್ಕೋ ಎಂಟೋ ಚಾನೆಲ್‌ಗಳ ಗ್ಯಾಸ್ ಅಲಾರಂ ಪ್ಯಾನೆಲ್ ಕೂರಿಸುತ್ತಿದ್ದಾರೆ. ಸಿಲಿಂಡರ್ ಕೋಣೆಯಲ್ಲೊಂದು, ಒಲೆಗಳ ಸಾಲಿನಲ್ಲೊಂದು, ಪೈಪ್ ಹಾದುಹೋಗುವ ಶಾಫ್ಟ್‌ನಲ್ಲೊಂದು, ಬಾಯ್ಲರ್ ಬಳಿ ಇನ್ನೊಂದು ಡಿಟೆಕ್ಟರ್. ಎಲ್ಲವೂ ಸೇರುವುದು ಗೋಡೆಯ ಮೇಲಿನ ಒಂದೇ ಪೆಟ್ಟಿಗೆಗೆ. ಆ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಕೈಕೊಡುವುದು ಕಡಿಮೆ. ಕೈಕೊಡುವುದು ಡಿಟೆಕ್ಟರ್‌ಗೆ ಆರಿಸಿದ ಜಾಗ, ಎಳೆದ ತಂತಿ ಮತ್ತು ಸದ್ದು ಬಂದಾಗ ಯಾರು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸದ ನಮ್ಮ ಆಲಸ್ಯ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ ಸುತ್ತಲಿನ ಊರವರು ಸತ್ತರು. ಅಲ್ಲಿ ಸೈರನ್ ಇತ್ತು. ಮೊಳಗಲಿಲ್ಲ ಎಂದು ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯೇ ವರದಿ ಕೊಟ್ಟಿತು.

ಮೊದಲು ಜಾಗ, ಆಮೇಲೆ ಪೆಟ್ಟಿಗೆ

ಯಾವ ಅನಿಲ ಎಂಬುದರ ಮೇಲೆ ಡಿಟೆಕ್ಟರ್‌ನ ಎತ್ತರ ನಿರ್ಧಾರವಾಗುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ನೆಲಕ್ಕಿಳಿದು ತಗ್ಗು ಹುಡುಕಿಕೊಂಡು ಹರಿಯುತ್ತದೆ. ಹಾಗಾಗಿ ಡಿಟೆಕ್ಟರ್ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿರಬೇಕು. ಪೈಪ್‌ನಲ್ಲಿ ಬರುವ ನೈಸರ್ಗಿಕ ಅನಿಲ ಇದಕ್ಕೆ ತದ್ವಿರುದ್ಧ. ಅದು ಗಾಳಿಗಿಂತ ಹಗುರ, ಸೂರಿನ ಕೆಳಗೆ ಕೂಡುತ್ತದೆ. ಅದರ ಡಿಟೆಕ್ಟರ್ ಸೀಲಿಂಗ್‌ನಿಂದ 30 ಸೆಂ.ಮೀ. ಒಳಗಿರಬೇಕು. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್‌ಗೆ ಬದಲಾದ ಕಟ್ಟಡಗಳಲ್ಲಿ ಹಳೆಯ ಡಿಟೆಕ್ಟರನ್ನು ನೆಲದ ಬಳಿಯೇ ಉಳಿಸಿಕೊಂಡರೆ ಅದು ಇದ್ದೂ ಇಲ್ಲದಂತೆ. ಎತ್ತರ ಬದಲಿಸಿ, ಹೊಸ ಅನಿಲಕ್ಕೆ ಕ್ಯಾಲಿಬ್ರೇಷನ್ ಮಾಡಿಸಲೇಬೇಕು.

ಅಮೋನಿಯ ಬಳಸುವ ಶೈತ್ಯಾಗಾರಗಳ ಲೆಕ್ಕವೇ ಬೇರೆ. ಅಮೋನಿಯ ಹೊತ್ತಿಕೊಳ್ಳಲು ಗಾಳಿಯಲ್ಲಿ ಶೇ 15ರಷ್ಟಾದರೂ ಬೇಕು. ಆದರೆ 300 ಪಿಪಿಎಂ, ಎಂದರೆ ಶೇ 0.03 ಆಗುವಷ್ಟರಲ್ಲೇ ಅದು ಮನುಷ್ಯನ ಪ್ರಾಣಕ್ಕೆ ಅಪಾಯ. ಅಲ್ಲಿ ವಿಷಾನಿಲ ಅಳೆಯುವ ಪಿಪಿಎಂ ಡಿಟೆಕ್ಟರ್ ಹಾಕಿ, ಮೊದಲ ಅಲಾರಂ 25 ಪಿಪಿಎಂ ಆಸುಪಾಸಿನಲ್ಲಿ ಇಡಬೇಕು. ಹೊತ್ತಿಕೊಳ್ಳುವ ಮಟ್ಟ ಅಳೆಯುವ ಡಿಟೆಕ್ಟರ್ ಕೂಗುವವರೆಗೆ ಕಾದರೆ ಕೇಳಿಸಿಕೊಳ್ಳಲು ಯಾರೂ ಉಳಿದಿರುವುದಿಲ್ಲ.

ಎತ್ತರ ಗೊತ್ತಾದ ಮೇಲೆ ಸೋರಬಹುದಾದ ಜಾಗಗಳನ್ನು ಗುರುತಿಸಿ. ರೆಗ್ಯುಲೇಟರ್, ಪಿಗ್‌ಟೇಲ್ ಹೋಸ್‌ನ ಎರಡೂ ತುದಿ, ವಾಲ್ವ್‌ಗಳು, ಫ್ಲ್ಯಾಂಜ್‌ಗಳು. ಇವುಗಳ ಹತ್ತಿರ, ಗಾಳಿ ಅನಿಲವನ್ನು ತಳ್ಳಿಕೊಂಡು ಹೋಗುವ ದಿಕ್ಕಿನಲ್ಲಿ ಡಿಟೆಕ್ಟರ್ ಇರಲಿ. ಬಾಗಿಲು, ಫ್ಯಾನ್‌ಗೆ ಎದುರಾಗಿಟ್ಟರೆ ಹೊಸ ಗಾಳಿಯನ್ನೇ ಮೂಸುತ್ತಾ ಕೂರುತ್ತದೆ. ನಮ್ಮ ಹೋಟೆಲ್‌ಗಳಲ್ಲಿ ರಾತ್ರಿ ನೆಲಕ್ಕೆ ಪೈಪ್ ಹಿಡಿದು ನೀರು ಹೊಡೆಯುವುದು ರೂಢಿ. ಅದಕ್ಕಾಗಿ ಡಿಟೆಕ್ಟರ್‌ಗೆ ನೀರು ತಡೆಯುವ ಟೋಪಿ ಹಾಕಿಸಿ, ಸೆನ್ಸರ್ ಮುಖ ಕೆಳಕ್ಕಿರಲಿ. ನೀರು ಬೀಳುತ್ತದೆಂದು ಡಿಟೆಕ್ಟರನ್ನೇ ಎದೆಯೆತ್ತರಕ್ಕೆ ಏರಿಸಿದ್ದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅನಿಲ ಅಷ್ಟೆತ್ತರಕ್ಕೆ ಬರುವ ಹೊತ್ತಿಗೆ ಒಲೆಯ ಉರಿಯನ್ನು ಮುಟ್ಟಿಯಾಗಿರುತ್ತದೆ.

ಪ್ಯಾನೆಲ್ ಮಾತ್ರ ಅನಿಲ ಬರಬಹುದಾದ ಜಾಗದಿಂದ ಹೊರಗೆ, ಹಗಲೂ ರಾತ್ರಿಯೂ ಜನರಿರುವ ಕಡೆ, ಕಣ್ಣಿನ ಮಟ್ಟದಲ್ಲಿರಬೇಕು. ಸೆಕ್ಯುರಿಟಿ ಕೊಠಡಿ ಅಥವಾ ರಿಸೆಪ್ಷನ್ ಒಳ್ಳೆಯದು. ಬೀಗ ಹಾಕಿದ ಎಲೆಕ್ಟ್ರಿಕಲ್ ರೂಮ್ ಬೇಡ.

ತಂತಿ ಎಳೆಯುವಾಗ

ಅನಿಲ ಸೇರಬಹುದಾದ ಜಾಗದಲ್ಲಿ ಕೂರಿಸುವ ಡಿಟೆಕ್ಟರ್ ಫ್ಲೇಮ್‌ಪ್ರೂಫ್ ಆಗಿರಬೇಕು; ಅದಕ್ಕೆ ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಸರ್ಕಾರಿ ಸಂಸ್ಥೆ ಪೆಸೊದ ಅನುಮೋದನೆ ಇದೆಯೇ ಎಂದು ಖರೀದಿಗೆ ಮೊದಲೇ ಕೇಳಿ, ಪ್ರತಿ ಪಡೆದುಕೊಳ್ಳಿ. ಫ್ಲೇಮ್‌ಪ್ರೂಫ್ ಎಂದರೆ ಒಳಗೆ ಕಿಡಿ ಹತ್ತಿದರೂ ಉರಿ ಹೊರಗೆ ಬಾರದಂಥ ಕವಚ. ಕೇಬಲ್ ಒಳಹೋಗುವಲ್ಲಿ ಅಗ್ಗದ ಪ್ಲಾಸ್ಟಿಕ್ ಗ್ಲ್ಯಾಂಡ್ ಹಾಕಿದರೆ, ಬಳಸದ ತೂತಿಗೆ ಮುಚ್ಚಳ ಹಾಕದೆ ಬಿಟ್ಟರೆ, ಮುಚ್ಚಳದ ಒಂದು ಬೋಲ್ಟ್ ಕಡಿಮೆಯಾದರೆ ಆ ಅನುಮೋದನೆ ಬರೀ ಕಾಗದ. ಗ್ಲ್ಯಾಂಡ್ ಕೂಡ ಫ್ಲೇಮ್‌ಪ್ರೂಫ್ ಆದದ್ದೇ ಇರಲಿ.

ಹೆಚ್ಚಿನ ಡಿಟೆಕ್ಟರ್‌ಗಳಿಗೆ ಮೂರು ತಂತಿ: 24 ವೋಲ್ಟ್ ಪ್ಲಸ್, ಮೈನಸ್, ಸಿಗ್ನಲ್. ಸಿಗ್ನಲ್ ತಂತಿಯಲ್ಲಿ 4ರಿಂದ 20 ಮಿಲಿಆಂಪ್ ಕರೆಂಟ್ ಹರಿಯುತ್ತದೆ. 4 ಎಂದರೆ ಅನಿಲವಿಲ್ಲ, 20 ಎಂದರೆ ಅಳತೆಯ ತುದಿ. ಸೊನ್ನೆಗೆ ಸೊನ್ನೆ ಮಿಲಿಆಂಪ್ ಇಡದೆ 4 ಇಟ್ಟಿರುವುದರಲ್ಲಿ ಒಂದು ಜಾಣತನವಿದೆ: ಇಲಿ ತಂತಿ ಕಡಿದರೆ ಕರೆಂಟ್ 4ಕ್ಕಿಂತ ಕೆಳಗೆ ಬೀಳುತ್ತದೆ, ಪ್ಯಾನೆಲ್ ಅದನ್ನು ‘ಅನಿಲವಿಲ್ಲ’ ಎಂದು ತಿಳಿಯದೆ ‘ಫಾಲ್ಟ್’ ಎನ್ನುತ್ತದೆ.

ಶೀಲ್ಡ್ ಇರುವ ತಾಮ್ರದ ಕೇಬಲ್ ಬಳಸಿ. ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಎರಡೂ ತುದಿಯಲ್ಲಿ ಮಾಡಿದರೆ ಶೀಲ್ಡ್‌ನಲ್ಲೇ ಕರೆಂಟ್ ಹರಿದು ಪ್ಯಾನೆಲ್‌ನ ರೀಡಿಂಗ್ ಕುಣಿಯುತ್ತದೆ. 230 ವೋಲ್ಟ್ ತಂತಿಗಳ ಜೊತೆ ಒಂದೇ ಪೈಪ್‌ನಲ್ಲಿ ಎಳೆಯಬೇಡಿ. ದೂರ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ಹೋಗಿ ಬರುವ ದಾರಿ ಸೇರಿ 24. ಡಿಟೆಕ್ಟರ್ ಬಳಿ ಮಲ್ಟಿಮೀಟರ್ ಹಿಡಿದು, ಕೈಪಿಡಿಯಲ್ಲಿ ಹೇಳಿದ ಕನಿಷ್ಠ ವೋಲ್ಟೇಜ್ ಬರುತ್ತಿದೆಯೇ ನೋಡಿ.

ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಮಾತು. ಕೇಬಲ್‌ನ ಇನ್ಸುಲೇಷನ್ ಪರೀಕ್ಷಿಸಲು ಮೆಗ್ಗರ್ ಹಚ್ಚುವ ಮೊದಲು ಎರಡೂ ತುದಿಯನ್ನು ಕಳಚಿ. 500 ವೋಲ್ಟ್ ಹೊಡೆತಕ್ಕೆ ಡಿಟೆಕ್ಟರೂ ಪ್ಯಾನೆಲ್‌ನ ಇನ್‌ಪುಟ್ ಕಾರ್ಡೂ ಉಳಿಯುವುದಿಲ್ಲ. ಪ್ಯಾನೆಲ್‌ಗೆ ಪ್ರತ್ಯೇಕ ಎಂಸಿಬಿ ಕೊಡಿ. ಅಡುಗೆಮನೆಯ ದೀಪದ ಲೈನ್‌ನಿಂದ ಎಳೆದರೆ ರಾತ್ರಿ ಯಾರೋ ಲೈಟ್ ಆರಿಸುವಾಗ ಇದೂ ಆರಿಹೋಗುತ್ತದೆ. ಬ್ಯಾಟರಿ ಅಥವಾ ಯುಪಿಎಸ್ ಬೆಂಬಲ ಇರಲೇಬೇಕು.

ಕೂಗಿದರೆ ಮಾತ್ರ ಸಾಲದು

ಪ್ಯಾನೆಲ್‌ನ ರಿಲೇಗಳ ಮೂಲಕ ಹೂಟರ್, ಗ್ಯಾಸ್ ಮುಚ್ಚುವ ಸೊಲೆನಾಯ್ಡ್ ವಾಲ್ವ್, ಎಕ್ಸಾಸ್ಟ್ ಫ್ಯಾನ್ ಓಡುತ್ತವೆ. ಬಹಳ ಅನಾಹುತಗಳಿಗೆ ಎಡೆಯಾಗುವುದು ಇಲ್ಲೇ.

ಎಕ್ಸಾಸ್ಟ್ ಫ್ಯಾನ್ ವಿಷಯ ಮೊದಲು. ಅನಿಲ ತುಂಬಿದ ಕೋಣೆಯಲ್ಲಿ ಸಾಮಾನ್ಯ ಫ್ಯಾನ್ ತಾನಾಗಿ ಶುರುವಾದರೆ ಅದರ ಮೋಟರ್‌ನ ಕಿಡಿಯೇ ಬೆಂಕಿ ಹಚ್ಚೀತು. ಫ್ಲೇಮ್‌ಪ್ರೂಫ್ ಫ್ಯಾನ್ ಇದ್ದರೆ ಮಾತ್ರ ಅಲಾರಂಗೆ ಜೋಡಿಸಿ, ಅದೂ ಕಾಂಟ್ಯಾಕ್ಟರ್ ಮೂಲಕ. ಒಲೆಯ ಮೇಲಿನ ಚಿಮಣಿ ಹೊಗೆಯನ್ನು ಮೇಲಕ್ಕೆಳೆಯುತ್ತದೆ; ನೆಲದಲ್ಲಿ ಹರಡಿದ ಎಲ್‌ಪಿಜಿಯನ್ನು ಅದು ಹೊರಹಾಕುತ್ತದೆಂದು ನಂಬಬೇಡಿ. ನೆಲದ ಮಟ್ಟದಲ್ಲಿ ಜಾಲರಿ ಕಿಂಡಿಗಳು ಬೇಕು.

ಸೊಲೆನಾಯ್ಡ್ ವಾಲ್ವ್ ಕರೆಂಟ್ ಇದ್ದಾಗ ತೆರೆದಿದ್ದು, ಹೋದೊಡನೆ ಮುಚ್ಚಿಕೊಳ್ಳುವಂಥದ್ದಾಗಿರಲಿ. ಆಗ ತಂತಿ ಕಡಿದರೂ ಗ್ಯಾಸ್ ನಿಲ್ಲುತ್ತದೆ. ಆದರೆ ನಮ್ಮಲ್ಲಿ ದಿನಕ್ಕೆ ಎಷ್ಟೋ ಸಲ ಕರೆಂಟ್ ಹೋಗುತ್ತದೆ. ಪ್ರತಿ ಸಲವೂ ಒಲೆ ಆರಿದರೆ ಅಡುಗೆಯವರು ಬೇಸತ್ತು ವಾಲ್ವ್‌ಗೆ ಬೈಪಾಸ್ ಪೈಪ್ ಹಾಕಿಸಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ವಾಲ್ವನ್ನು ಯುಪಿಎಸ್‌ಗೆ ಜೋಡಿಸಿ. ಇನ್ನೊಂದು: ಕರೆಂಟ್ ಬಂದೊಡನೆ ತಾನೇ ತೆರೆದುಕೊಳ್ಳುವ ವಾಲ್ವ್ ತರಲೇಬೇಡಿ. ಒಲೆಗಳು ಆರಿವೆ, ನಾಬ್‌ಗಳು ತೆರೆದೇ ಇವೆ, ಗ್ಯಾಸ್ ಮತ್ತೆ ಬಂತು ಎಂದರೆ ಪ್ರತಿ ಬರ್ನರ್‌ನಿಂದಲೂ ಸೋರಿಕೆ. ಕೈಯಿಂದ ಎಳೆದು ರೀಸೆಟ್ ಮಾಡುವ ವಾಲ್ವ್ ಇರಲಿ. ಎಲ್ಲ ನಾಬ್‌ಗಳನ್ನು ಮುಚ್ಚಿದ್ದು ನೋಡಿದ ಮೇಲೇ ಅದನ್ನು ತೆರೆಯಲಿ.

ಚಾಲೂ ಮಾಡುವ ದಿನ

ಪವರ್ ಕೊಟ್ಟ ಮೇಲೆ ಡಿಟೆಕ್ಟರ್‌ಗಳು ಬಿಸಿಯಾಗಿ ಸ್ಥಿರವಾಗಲು ಕೈಪಿಡಿ ಹೇಳಿದಷ್ಟು ಹೊತ್ತು ಬಿಡಿ. ಬಳಿಕ ಪ್ರತಿ ಚಾನೆಲ್‌ಗೆ ಅನಿಲದ ಹೆಸರು, ಅಳತೆಯ ವ್ಯಾಪ್ತಿ, ಅಲಾರಂ ಮಟ್ಟಗಳನ್ನು ನಮೂದಿಸಿ. ಇಲ್ಲಿ ಬಳಸುವ ಅಳತೆ ಎಲ್‌ಇಎಲ್. ಅನಿಲ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣವನ್ನು 100 ಎಂದು ಹಿಡಿದ ಲೆಕ್ಕ ಅದು. ಪರದೆಯ ಮೇಲೆ 20 ಕಂಡರೆ ಗಾಳಿಯಲ್ಲಿ ಎಲ್‌ಪಿಜಿ ಶೇ 0.36ರಷ್ಟಿದೆ ಎಂದರ್ಥ. ಮೊದಲ ಅಲಾರಂ 20ಕ್ಕೆ, ಗ್ಯಾಸ್ ಮುಚ್ಚುವ ಎರಡನೆಯ ಅಲಾರಂ 40ಕ್ಕೆ ಇಡುವುದು ವಾಡಿಕೆ. ಸಿಲಿಂಡರ್ ಕೋಣೆಯಲ್ಲಿ ಮೊದಲನೆಯದನ್ನು 10ಕ್ಕೆ ಇಳಿಸಿದರೂ ತಪ್ಪಿಲ್ಲ. ಬಳಸದ ಚಾನೆಲ್‌ಗಳನ್ನು ಸೆಟಿಂಗ್‌ನಲ್ಲಿ ಬಂದ್ ಮಾಡಿ. ಹಳದಿ ಫಾಲ್ಟ್ ದೀಪ ಸದಾ ಉರಿಯುತ್ತಿದ್ದರೆ ನಿಜವಾದ ಫಾಲ್ಟ್ ಬಂದ ದಿನ ಯಾರೂ ತಿರುಗಿ ನೋಡುವುದಿಲ್ಲ.

ಆಮೇಲೆ ಪರೀಕ್ಷೆ. ಮಿಲಿಆಂಪ್ ಸೋರ್ಸ್‌ನಿಂದ 12 ಕೊಟ್ಟರೆ ಪರದೆಯಲ್ಲಿ 50 ಬರಬೇಕು, 7.2ಕ್ಕೆ 20, 10.4ಕ್ಕೆ 40. ಪ್ರತಿ ಡಿಟೆಕ್ಟರ್‌ನ ಸಿಗ್ನಲ್ ತಂತಿಯನ್ನು ಒಮ್ಮೆ ಕಳಚಿ. ಆಯಾ ಚಾನೆಲ್‌ನಲ್ಲೇ ಫಾಲ್ಟ್ ಕಾಣಬೇಕು. ಕಡೆಗೆ ಪ್ರಮಾಣೀಕೃತ ಕ್ಯಾಲಿಬ್ರೇಷನ್ ಅನಿಲವನ್ನು ಒಂದೊಂದೇ ಡಿಟೆಕ್ಟರ್‌ಗೆ ಹಾಯಿಸಿ, ಒಬ್ಬರು ಪ್ಯಾನೆಲ್ ಬಳಿ ನಿಂತು ನೋಡಲಿ. ಒಂದು ಮತ್ತು ಮೂರನೆಯ ಚಾನೆಲ್ ಅದಲುಬದಲಾಗಿರುವುದು ಗೊತ್ತಾಗುವುದು ಈ ಹಂತದಲ್ಲಿ ಮಾತ್ರ. ಸಿಗರೇಟ್ ಲೈಟರ್ ಒತ್ತಿ ತೋರಿಸುವುದನ್ನು ಒಪ್ಪಬೇಡಿ. ಅದರಿಂದ ಎಷ್ಟು ಅನಿಲ ಹೋಯಿತೆಂದು ಗೊತ್ತಾಗುವುದಿಲ್ಲ, ಗಾಢ ಅನಿಲಕ್ಕೆ ಸೆನ್ಸರೂ ಹಾಳಾಗುತ್ತದೆ.

ಸದ್ದು ಬಂದಾಗ

ಅಲಾರಂ ಬಂದಾಗ ಮಾಡಬೇಕಾದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಕನ್ನಡದ ಜೊತೆ ಅಡುಗೆಮನೆಯ ಹುಡುಗರು ಓದಬಲ್ಲ ಹಿಂದಿ, ಒಡಿಯಾ, ನೇಪಾಳಿಯಲ್ಲೂ ಇರಲಿ:

1. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ.
2. ಕೈಗೆಟುಕುವಂತಿದ್ದರೆ ಒಲೆ ಆರಿಸಿ, ಮುಖ್ಯ ವಾಲ್ವ್ ಮುಚ್ಚಿ. ಬಾಗಿಲು ಕಿಟಕಿ ತೆರೆಯಿರಿ.
3. ಎಲ್ಲರೂ ಹೊರಗೆ. ಮೊಬೈಲ್ ಬಳಸುವುದು ಹೊರಗೆ ಬಂದ ಮೇಲೆ.
4. ಎಲ್‌ಪಿಜಿ ಸೋರಿಕೆಗೆ 1906, ಅಗ್ನಿಶಾಮಕಕ್ಕೆ 101 ಅಥವಾ 112.

ಹೂಟರ್ ನಿಲ್ಲಿಸುವ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ, ಅನಿಲ ನಿಲ್ಲುವುದಿಲ್ಲ. ರೀಡಿಂಗ್ ಸೊನ್ನೆಗಿಳಿದು, ಕಾರಣ ಸಿಕ್ಕ ಮೇಲೇ ರೀಸೆಟ್. ಒಂದು ಎಚ್ಚರಿಕೆ ತುಂಬ ಮುಖ್ಯ: ರೀಡಿಂಗ್ ಸರ್ರನೆ 100ಕ್ಕೇರಿ ತಟ್ಟನೆ ಕೆಳಗಿಳಿದರೆ ಅಪಾಯ ಕಳೆಯಿತೆಂದು ಒಳಗೆ ಕಾಲಿಡಬೇಡಿ. ಅನಿಲವನ್ನು ಉರಿಸಿ ಅಳೆಯುವ ಕ್ಯಾಟಲಿಟಿಕ್ ಸೆನ್ಸರ್ ಕೆಲಸ ಮಾಡಲು ಆಮ್ಲಜನಕ ಬೇಕು. ಅನಿಲವೇ ತುಂಬಿಕೊಂಡು ಆಮ್ಲಜನಕ ಸಾಲದಾದಾಗ ಅದು ಕಡಿಮೆ ತೋರಿಸುತ್ತದೆ.

ಅದೇ ರೀತಿ, ಒಳಚರಂಡಿ ಶುದ್ಧೀಕರಣ ಘಟಕದಲ್ಲಿ ಪ್ಯಾನೆಲ್ ಹಸಿರು ತೋರಿಸುತ್ತಿದೆ ಎಂದು ಯಾರನ್ನೂ ಗುಂಡಿಗೆ ಇಳಿಸಬಾರದು. ಗೋಡೆಯ ಡಿಟೆಕ್ಟರ್ ಗುಂಡಿಯ ತಳದ ಹೈಡ್ರೋಜನ್ ಸಲ್ಫೈಡ್ ಅಳೆಯುವುದಿಲ್ಲ. ಆ ಅನಿಲ 100 ಪಿಪಿಎಂ ಮುಟ್ಟಿದರೆ ಮೂಗಿಗೆ ವಾಸನೆಯೂ ಸಿಗದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ.

ವರ್ಷವಿಡೀ

ಜಿಡ್ಡು, ಹಿಟ್ಟಿನ ಧೂಳು, ಜಿರಲೆ ಸೆನ್ಸರ್‌ನ ಜಾಲರಿ ಮುಚ್ಚುತ್ತವೆ. ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಒರೆಸಿ. ಸಿಲಿಕೋನ್ ಸೀಲಂಟ್, ಸಿಲಿಕೋನ್ ಇರುವ ಪಾಲಿಶ್ ಮತ್ತು ಸ್ಪ್ರೇಗಳನ್ನು ಹತ್ತಿರ ಬಳಸಬೇಡಿ. ಕ್ಯಾಟಲಿಟಿಕ್ ಸೆನ್ಸರ್‌ಗೆ ಅವು ವಿಷ. ಹಾಗೆ ಸತ್ತ ಸೆನ್ಸರ್ ಫಾಲ್ಟ್ ತೋರಿಸದೆ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಅನಿಲ ಹಾಯಿಸಿ ನೋಡುವುದೊಂದೇ ಅದನ್ನು ಕಂಡುಹಿಡಿಯುವ ದಾರಿ. ಮೂರು ತಿಂಗಳಿಗೊಮ್ಮೆ ಹೀಗೆ ಅನಿಲ ಹಾಯಿಸಿ ನೋಡುವ ಬಂಪ್ ಟೆಸ್ಟ್, ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಷನ್ ಇಟ್ಟುಕೊಳ್ಳಿ. ಕೈಪಿಡಿ ಇನ್ನೂ ಬೇಗ ಎಂದರೆ ಅದರಂತೆ. ಪರದೆಯಲ್ಲಿ 5, 6 ಕಾಣುತ್ತಿದೆ ಎಂದು ಸುಮ್ಮನೆ ‘ಝೀರೋ’ ಒತ್ತಬೇಡಿ. ಅದು ನಿಜವಾದ ಸಣ್ಣ ಸೋರಿಕೆಯಾಗಿದ್ದರೆ ನೀವದನ್ನು ಪ್ಯಾನೆಲ್‌ನ ಕಣ್ಣಿನಿಂದ ಮರೆಮಾಡಿದಂತೆ. ಕ್ಯಾಲಿಬ್ರೇಷನ್ ಹೊತ್ತಿನಲ್ಲಿ ವಾಲ್ವ್ ಮುಚ್ಚಿಕೊಳ್ಳದಿರಲೆಂದು ಹಾಕಿದ ತಡೆಯನ್ನು (ಇನ್‌ಹಿಬಿಟ್) ತೆಗೆದದ್ದನ್ನು ಲಾಗ್ ಪುಸ್ತಕದಲ್ಲಿ ಸಹಿ ಸಮೇತ ಬರೆಸಿ.

ನಿಮ್ಮಲ್ಲಿ ಈಗಾಗಲೇ ಪ್ಯಾನೆಲ್ ಇದ್ದರೆ ಪ್ರತಿ ಡಿಟೆಕ್ಟರ್‌ನ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಮೇಲಿನ ತಾರೀಕು ನೋಡಿ. ಆರು ತಿಂಗಳು ದಾಟಿದ್ದರೆ, ಅಥವಾ ಸ್ಟಿಕ್ಕರೇ ಇಲ್ಲದಿದ್ದರೆ, ಸರ್ವಿಸ್‌ನವರನ್ನು ಈ ವಾರವೇ ಕರೆಸಿ.