ಬರೀ ಫಿಟ್ಸ್ ಅಂದರೆ ಸಾಲದು, ಯಾವುದು ಅಂತ ಕೇಳು

ನೋಡಮ್ಮ, ಮಗುವಿಗೆ ಫಿಟ್ಸ್ ಬಂತು, ಡಾಕ್ಟರು ಸಿರಪ್ ಬರೆದರು, ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ. ಯಾವ ಸಿಂಡ್ರೋಮ್ ಅಂತ ಸಂಕೋಚ ಬಿಟ್ಟು ಕೇಳು. ಮಕ್ಕಳ ಮೂರ್ಛೆರೋಗದಲ್ಲಿ ಹತ್ತಾರು ಬಗೆಗಳಿವೆ. ಶುರುವಾದ ವಯಸ್ಸು, ಬರುವ ಹೊತ್ತು, ಬರುವ ರೀತಿ, ಇಇಜಿ ಎಂಬ ಮಿದುಳಿನ ಪರೀಕ್ಷೆ, ಮಗುವಿನ ಬೆಳವಣಿಗೆ ಎಲ್ಲವನ್ನೂ ಜೋಡಿಸಿದರೆ ಮಾತ್ರ ಯಾವುದೆಂದು ಗೊತ್ತಾಗುತ್ತದೆ. ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಸಂಘ 2022ರಲ್ಲಿ ಸಿಂಡ್ರೋಮ್‌ಗಳನ್ನು ವಿಂಗಡಿಸಿದ್ದೂ ಹೆಚ್ಚಾಗಿ ವಯಸ್ಸನ್ನು ಹಿಡಿದೇ.

ಇದು ಬರೀ ಹೆಸರಿನ ಗೀಳಲ್ಲ. ಒಂದು ಬಗೆಗೆ ಒಗ್ಗುವ ಮಾತ್ರೆ ಇನ್ನೊಂದನ್ನು ಕೆರಳಿಸುತ್ತದೆ. ಪಾಠದ ನಡುವೆ ಹತ್ತು ಸೆಕೆಂಡು ಶೂನ್ಯ ದಿಟ್ಟಿಸಿ, ಏನೂ ಆಗದವಳಂತೆ ಮತ್ತೆ ಬರೆಯತೊಡಗುವ ಏಳು ವರ್ಷದ ಹುಡುಗಿಯನ್ನು ಟೀಚರು ‘ಗಮನ ಇಲ್ಲ’ ಅಂತ ಬೈಯುತ್ತಾರೆ. ಅದು ಆಬ್ಸೆನ್ಸ್ ಅನ್ನುವ ಬಗೆಯ ಫಿಟ್ಸ್ ಇರಬಹುದು. ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ ಡಾಕ್ಟರ ಎದುರಿಗೇ ಬಂದುಬಿಡುತ್ತದೆ. ಅವಳಿಗೆ ಕಾರ್ಬಮಜೆಪಿನ್ ಕೊಟ್ಟರೆ ಹೆಚ್ಚಾಗುವ ಅಪಾಯವಿದೆ. ಇನ್ನೊಬ್ಬ ಹುಡುಗನಿಗೆ ನಿದ್ದೆಯಲ್ಲಿ ಬಾಯಿಯ ಒಂದು ಬದಿ ಅದುರುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಹೊರಡುವುದಿಲ್ಲ. ರೊಲ್ಯಾಂಡಿಕ್ ಅನ್ನುವ ಈ ಬಗೆ ಹದಿಹರೆಯ ಮುಗಿಯುವಷ್ಟರಲ್ಲಿ ತಾನಾಗಿ ನಿಲ್ಲುತ್ತದೆ. ಅಪರೂಪಕ್ಕೆ ಬರುತ್ತಿದ್ದರೆ ಔಷಧಿಯೇ ಬೇಡ ಅನ್ನುವ ಡಾಕ್ಟರೂ ಇದ್ದಾರೆ, ಅವರನ್ನು ಅನುಮಾನಿಸಬೇಡ.

ನನಗೆ ಹೆಚ್ಚು ಆತಂಕ ಇರುವುದು ಹಸುಗೂಸುಗಳ ಬಗ್ಗೆ. ನಾಲ್ಕು ತಿಂಗಳೋ ಎಂಟು ತಿಂಗಳೋ ಆದ ಮಗು ನಿದ್ದೆಯಿಂದ ಎದ್ದೊಡನೆ ತಲೆ ಬಾಗಿಸಿ ಕೈ ಚಾಚಿ ಥಟ್ಟನೆ ಬೆಚ್ಚುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ. ‘ಹೊಟ್ಟೆ ನುಲಿ’ ಅಂತ ಅಜ್ಜಿ ಗ್ರೈಪ್ ವಾಟರ್ ಕುಡಿಸುತ್ತಾಳೆ, ಪಕ್ಕದ ಮನೆಯವರು ದೃಷ್ಟಿ ತೆಗೆಸು ಅನ್ನುತ್ತಾರೆ. ಅಷ್ಟರಲ್ಲಿ ಮಗು ನಗುವುದನ್ನೇ ಬಿಟ್ಟಿರುತ್ತದೆ. ಇಂಗ್ಲೆಂಡಿನ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ವೈದ್ಯ 1841ರಲ್ಲಿ ತನ್ನ ಸ್ವಂತ ಮಗನ ಇದೇ ಬಾಧೆಯನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದು, ಯಾರಿಗಾದರೂ ಗೊತ್ತೇ ಅಂತ ಕೇಳಿದ್ದ. ಅದಕ್ಕೇ ಇದು ವೆಸ್ಟ್ ಸಿಂಡ್ರೋಮ್. ಅವನ ಕೈಯಲ್ಲಿ ಮದ್ದಿರಲಿಲ್ಲ. ಇವತ್ತು ಎಸಿಟಿಎಚ್ ಇಂಜೆಕ್ಷನ್, ಪ್ರೆಡ್ನಿಸೋಲೋನ್, ವಿಗಾಬಟ್ರಿನ್ ಇವೆ. ಆದರೆ ವಾರಗಳು ಕಳೆದಷ್ಟೂ ಬುದ್ಧಿಯ ಬೆಳವಣಿಗೆಗೆ ಪೆಟ್ಟು. ಹೆರಿಗೆಯಲ್ಲಿ ಉಸಿರು ಕಟ್ಟಿದ, ಹುಟ್ಟಿದಾಗ ಸಕ್ಕರೆ ತೀರಾ ಇಳಿದಿದ್ದ ಮಗುವಾದರೆ ಇನ್ನೂ ಎಚ್ಚರ ಬೇಕು.

ಡ್ರಾವೆಟ್ ಅಂತ ಇನ್ನೊಂದಿದೆ. ಮೊದಲ ವರ್ಷದಲ್ಲೇ, ಜ್ವರ ಬಂದಾಗ, ಬಹಳ ಹೊತ್ತು, ಎಷ್ಟೋ ಸಲ ಒಂದೇ ಪಕ್ಕಕ್ಕೆ. ಮೊದಲ ಸಲ ಚುಚ್ಚುಮದ್ದಿನ ಜ್ವರದಲ್ಲಿ ಬಂದರೆ ಲಸಿಕೆಯ ಮೇಲೆ ಅಪವಾದ. ಹಾಗೆ ಲಸಿಕೆಯಿಂದ ಮಿದುಳು ಕೆಟ್ಟಿತೆಂದು ನಂಬಿದ್ದ 14 ಮಂದಿಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಮಂದಿಗೆ ಎಸ್‌ಸಿಎನ್1ಎ ಜೀನಿನ ದೋಷವೇ ಕಂಡಿತು. ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಇಂಥ ಮಕ್ಕಳಿಗೆ ಆಗಿಬರುವುದಿಲ್ಲ.

ಹಾಗಂತ ಜ್ವರದ ಫಿಟ್ಸೆಲ್ಲ ಡ್ರಾವೆಟ್ ಅಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಸಾದಾ ಜ್ವರದ ಫಿಟ್ಸ್ ಮೂರ್ಛೆರೋಗವೇ ಅಲ್ಲ. ಅತ್ತು ಅತ್ತು ಉಸಿರು ಬಿಗಿಹಿಡಿದು ನೀಲಿಗಟ್ಟುವುದೂ ಅಲ್ಲ. ನಮ್ಮ ಮೈಸೂರು, ಮಂಡ್ಯ ಕಡೆ ಬಿಸಿನೀರು ತಲೆಗೆ ಸುರಿದಾಗ ಮಾತ್ರ ಬರುವುದೂ ಒಂದಿದೆ. ನಿಮ್ಹಾನ್ಸ್‌ನವರು ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಉಗುರುಬೆಚ್ಚಗಿನ ನೀರಾದರೆ ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು.

ಇಇಜಿ ಸರಿಯಾಗಿದೆ ಅಂದಮಾತ್ರಕ್ಕೆ ನಿಶ್ಚಿಂತೆಯಾಗಬೇಡ, ಒಮ್ಮೆ ತೆಗೆದದ್ದರಲ್ಲಿ ಏನೂ ಕಾಣದಿರಬಹುದು. ಅದಕ್ಕಿಂತ ನಿನ್ನ ಮೊಬೈಲಿನ ವಿಡಿಯೊ ಹೆಚ್ಚು ಹೇಳುತ್ತದೆ. ಆದರೆ ಫಿಟ್ಸ್ ಬಂದಾಗ ಮೊದಲು ಮಗುವನ್ನು ಪಕ್ಕಕ್ಕೆ ಮಲಗಿಸು. ಬೀಗದ ಕೈ, ಈರುಳ್ಳಿ, ಚಮಚ ಏನನ್ನೂ ತರಬೇಡ. ಐದು ನಿಮಿಷ ದಾಟಿದರೆ ವಿಡಿಯೊ ಬಿಟ್ಟು ಆಸ್ಪತ್ರೆಗೆ ಓಡು. ವಿಡಿಯೊ ತೆಗೆಯುವಾಗ ಹೊದಿಕೆ ಸರಿಸಿ, ಕಣ್ಣು, ಬಾಯಿ, ಎರಡೂ ಕೈ ಕಾಣುವಂತೆ ಹಿಡಿ. ಹೆಸರು ಹಿಡಿದು ಕೂಗಿ ಓಗೊಡುತ್ತದೆಯೇ ನೋಡು. ಹಳೆಯ ವಿಡಿಯೊಗಳನ್ನು ಅಳಿಸಬೇಡ. ಮಗು ಬೆಳೆದಂತೆ ಫಿಟ್ಸಿನ ರೂಪ ಬದಲಾಗುವುದುಂಟು. ವೆಸ್ಟ್ ಇದ್ದ ಕೆಲವು ಮಕ್ಕಳಲ್ಲಿ ಮುಂದೆ ಲೆನಾಕ್ಸ್-ಗ್ಯಾಸ್ಟೊ ಅನ್ನುವ ಇನ್ನೊಂದು ಬಗೆ ಕಾಣಿಸಿಕೊಳ್ಳುತ್ತದೆ, ಮದ್ದೂ ಬೇರೆಯಾಗುತ್ತದೆ. ಆಗ ಡಾಕ್ಟರು ಮೊದಲು ಕೇಳುವುದೇ ಶುರುವಿನಲ್ಲಿ ಹೇಗಿತ್ತು ಅಂತ.