ಬಸ್ಸಿನ ಎಂಜಿನ್ ಮತ್ತು ಉಷ್ಣದ ಪಾಠ: ಶೀತಕ ವ್ಯವಸ್ಥೆಯ ನಿರ್ವಹಣೆ

ತರಗತಿ: ಎಂಟು ಮತ್ತು ಒಂಬತ್ತು. ಅವಧಿ: ಎರಡು ಪಾಠಗಳು.

ಪಾಠದ ಉದ್ದೇಶ

ಪ್ರೌಢಶಾಲೆಗೆ ಬರುವ ವೇಳೆಗೆ ವಹನ, ಸಂವಹನ, ವಿಕಿರಣ ಎಂಬ ಪದಗಳ ವ್ಯಾಖ್ಯೆಗಳನ್ನು ಮಕ್ಕಳು ಕಂಠಪಾಠ ಮಾಡಿರುತ್ತಾರೆ. ತಾವು ದಿನವೂ ಏರಿ ಬರುವ ಬಸ್ಸಿನಲ್ಲಿ ಅವೇ ತತ್ತ್ವಗಳು ಕೆಲಸ ಮಾಡುತ್ತಿವೆ ಎಂಬ ಅರಿವು ಮಾತ್ರ ವಿರಳ. ತಾಳವಾಡಿಯ ಬಸ್ಸು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಏರುವಾಗ, ಸೊಲ್ಲಾಪುರದ ಬಸ್ಸು 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಓಡುವಾಗ, ಎಂಜಿನ್ ಸುಟ್ಟುಹೋಗದಂತೆ ಕಾಪಾಡುವುದು ಶೀತಕ ವ್ಯವಸ್ಥೆ. ಈ ವ್ಯವಸ್ಥೆಯ ನಿರ್ವಹಣೆಯನ್ನು ಕಾರಣ ಸಹಿತ ವಿವರಿಸಲು ಮಕ್ಕಳನ್ನು ಸಮರ್ಥರನ್ನಾಗಿಸುವುದೇ ಪಾಠದ ಗುರಿ.

ರೇಡಿಯೇಟರ್, ಥರ್ಮೋಸ್ಟಾಟ್, ಲೈನರ್, ಗ್ಯಾಸ್ಕೆಟ್ ಎಂಬ ಹೆಸರುಗಳು ಗಡಿಯ ಎರಡೂ ಬದಿಯ ಗ್ಯಾರೇಜುಗಳಲ್ಲಿ ಒಂದೇ. ಅವಕ್ಕೆ ಹೊಸ ಪದಗಳನ್ನು ಟಂಕಿಸುವ ಶ್ರಮ ಬೇಡ. ಬಿಡಿಭಾಗದ ಹೆಸರು ಎರವಲಿನದಾದರೂ ಅದು ಏಕೆ ಕೆಡುತ್ತದೆ ಎಂಬ ವಾಕ್ಯ ಕನ್ನಡದ್ದಾಗಿರಬೇಕು. ಮಗು ವಿಚಾರ ಮಾಡುವುದು ಆ ವಾಕ್ಯದಲ್ಲಿ.

ವಿಷಯ ನಿರೂಪಣೆ

ಡೀಸೆಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನ ಒಳಗಿನ ಅನಿಲದ ಉಷ್ಣತೆ 1,500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಇಂಧನದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಗಾಲಿಗಳನ್ನು ತಲಪದೆ ಉಷ್ಣವಾಗಿ ಉಳಿಯುತ್ತದೆ. ಸ್ವಲ್ಪ ಹೊಗೆಯೊಡನೆ ಹೋದರೆ, ಮತ್ತಷ್ಟನ್ನು ದ್ರವವೊಂದು ಹೊತ್ತೊಯ್ಯಬೇಕಾಗುತ್ತದೆ. ಗ್ಯಾರೇಜಿನವರು ಕೂಲೆಂಟ್ ಎನ್ನುವ ಶೀತಕ ದ್ರವ ಅದೇ.

ವಾಟರ್ ಪಂಪು ಈ ದ್ರವವನ್ನು ಸಿಲಿಂಡರುಗಳ ಸುತ್ತಲೂ, ಅಲ್ಲಿಂದ ಹೆಡ್ಡಿಗೂ ಹರಿಸುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿದ್ದು, ದ್ರವ ಎಂಜಿನ್ನಿನೊಳಗೇ ಸುತ್ತುತ್ತದೆ. ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ ಅದರೊಳಗಿನ ಮೇಣ ಕರಗಿ ಹಿಗ್ಗಿದಾಗ ದಾರಿ ತೆರೆದು, ದ್ರವವು ರೇಡಿಯೇಟರಿಗೆ ಹೋಗುತ್ತದೆ. ರೇಡಿಯೇಟರ್ ಎಂಬ ಹೆಸರು ವಿಕಿರಣವನ್ನು ಸೂಚಿಸಿದರೂ ಅಲ್ಲಿ ಉಷ್ಣ ಹೊರಹೋಗುವುದು ಮುಖ್ಯವಾಗಿ ಕೊಳವೆಗಳ ಲೋಹದಲ್ಲಿ ವಹನದಿಂದ, ಬಳಿಕ ಫ್ಯಾನ್ ಬೀಸುವ ಗಾಳಿಗೆ ಸಂವಹನದಿಂದ. ಹೆಸರನ್ನು ನೋಡಿ ಉತ್ತರ ಊಹಿಸುವ ಅಭ್ಯಾಸವನ್ನು ತಿದ್ದಲು ಇದು ತಕ್ಕ ಉದಾಹರಣೆ.

ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ವಾಯುಮಂಡಲದ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚು ಒತ್ತಡವಿದ್ದರೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಊಟಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 93 ಡಿಗ್ರಿಗೇ ಕುದಿಯುವುದನ್ನು ನೀಲಗಿರಿಯ ಶಿಕ್ಷಕರು ಇದರೊಡನೆ ಹೋಲಿಸಿ ತೋರಿಸಬಹುದು.

ಬರಿಯ ನೀರು ಸಾಲದೇಕೆ?

ಈ ಪ್ರಶ್ನೆಯೇ ಪಾಠದ ತಿರುಳು. ಬೋರ್‌ವೆಲ್ಲಿನ ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಮಕ್ಕಳು ಬಲ್ಲರು. ಅದೇ ಹಕ್ಕಳೆ ಎಂಜಿನ್ನಿನೊಳಗೆ ಕಟ್ಟಿದರೆ ಲೋಹದಿಂದ ದ್ರವಕ್ಕೆ ಉಷ್ಣ ಸರಾಗವಾಗಿ ದಾಟುವುದಿಲ್ಲ. ಆದುದರಿಂದ ಬ್ಯಾಟರಿಗೆ ಬಳಸುವಂತಹ ಖನಿಜರಹಿತ ನೀರನ್ನೇ ಬಳಸಬೇಕು.

ಎರಡನೆಯ ಕಾರಣ ಕಣ್ಣಿಗೆ ಕಾಣದು. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಸಿಲಿಂಡರಿನ ಲೈನರ್ ನೇರವಾಗಿ ಶೀತಕಕ್ಕೆ ತಾಗಿರುತ್ತದೆ. ಪಿಸ್ಟನ್ನಿನ ಬಡಿತಕ್ಕೆ ಲೈನರ್ ಕಂಪಿಸಿದಾಗ ದ್ರವದ ಒತ್ತಡ ಕ್ಷಣಕಾಲ ಇಳಿದು ಆವಿಯ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಮರುಕ್ಷಣವೇ ರಭಸದಿಂದ ಕುಸಿಯುತ್ತವೆ. ಆ ಪೆಟ್ಟು ಮರುಕಳಿಸಿ ಲೋಹದಲ್ಲಿ ಗುಳಿ ಬೀಳುತ್ತದೆ. ಕೊನೆಗೆ ಲೈನರೇ ತೂತಾಗುತ್ತದೆ. ಶೀತಕಕ್ಕೆ ಸೇರಿಸಿರುವ ರಕ್ಷಕ ರಾಸಾಯನಿಕಗಳು ಲೋಹದ ಮೇಲೆ ತೆಳುಪೊರೆ ಕಟ್ಟಿ ಇದನ್ನು ತಡೆಯುತ್ತವೆ, ತುಕ್ಕನ್ನೂ ತಡೆಯುತ್ತವೆ. ಮಟ್ಟ ಇಳಿದಾಗಲೆಲ್ಲ ಬರಿಯ ನೀರು ಸುರಿಯುತ್ತಾ ಹೋದರೆ ಈ ರಕ್ಷಣೆ ತೆಳುವಾಗುತ್ತದೆ. ಎಂಜಿನ್ ಅಂದು ಕೆಡುವುದಿಲ್ಲ. ಕಾರಣ ಮರೆತುಹೋದ ಎಷ್ಟೋ ತಿಂಗಳ ಮೇಲೆ ಕೆಡುತ್ತದೆ.

ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬುದೂ ತಪ್ಪು. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪ್ರಮಾಣದಲ್ಲಿದ್ದರೆ ಮಿಶ್ರಣವು ಸುಮಾರು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದು; ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಬಳಿಯೇ ಹೆಪ್ಪುಗಟ್ಟುತ್ತದೆ, ಉಷ್ಣವನ್ನೂ ನೀರಿಗಿಂತ ಕಡಿಮೆ ಹೊರುತ್ತದೆ. ತಯಾರಕರು ಹೇಳಿದ ಪ್ರಮಾಣವೇ ಪ್ರಮಾಣ.

ನಿರ್ವಹಣೆಯ ಕ್ರಮ

1. ಪ್ರತಿದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಶೀತಕದ ಮಟ್ಟ ನೋಡಬೇಕು.
2. ಹೋಸ್ ಪೈಪುಗಳಲ್ಲಿ ಬಿರುಕು, ಜೋಡಣೆಗಳಲ್ಲಿ ಸೋರಿದ ಕಲೆ, ಫ್ಯಾನ್ ಬೆಲ್ಟಿನ ಬಿಗಿ ಇವುಗಳನ್ನು ಪರೀಕ್ಷಿಸಬೇಕು.
3. ರೇಡಿಯೇಟರಿನ ರೆಕ್ಕೆಗಳ ನಡುವಿನ ಧೂಳು, ಹುಲ್ಲು, ಕೀಟಗಳನ್ನು ಗಾಳಿ ಬಂದ ದಿಕ್ಕಿಗೆ ವಿರುದ್ಧವಾಗಿ, ಕಡಿಮೆ ಒತ್ತಡದಲ್ಲಿ ಊದಿ ತೆಗೆಯಬೇಕು.
4. ಹೊರಗೆ ಸೋರದಿದ್ದರೂ ಮಟ್ಟ ಇಳಿಯುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಇಲ್ಲವೆ ಲೈನರ್ ಕೆಟ್ಟಿರಬಹುದು, ಬಸ್ಸನ್ನು ಓಡಿಸಬಾರದು.
5. ಸೆಕೆ ಹೆಚ್ಚೆಂದು ಥರ್ಮೋಸ್ಟಾಟನ್ನು ಕಿತ್ತುಹಾಕಬಾರದು. ಎಂಜಿನ್ ತಕ್ಕ ಉಷ್ಣತೆಗೆ ಏರದೆ ಡೀಸೆಲ್ ವ್ಯರ್ಥವಾಗುತ್ತದೆ, ಸವೆತ ಹೆಚ್ಚುತ್ತದೆ.
6. ತೆಗೆದ ಹಳೆಯ ಶೀತಕವನ್ನು ನೆಲಕ್ಕೆ ಚೆಲ್ಲಬಾರದು. ಗ್ಲೈಕಾಲ್ ಸಿಹಿಯಾದ ವಿಷ. ದನಕರುಗಳೂ ನಾಯಿಗಳೂ ನೆಕ್ಕಿ ಸಾಯುತ್ತವೆ.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತು

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾರೂ ತೆರೆಯಬಾರದು. ಒತ್ತಡ ತಟ್ಟನೆ ಇಳಿದರೆ 100 ಡಿಗ್ರಿ ಮೀರಿದ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗೆಯೇ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಬಿಸಿ ಗಾಜಿನ ಲೋಟದಂತೆ ಅದೂ ಬಿರಿಯುತ್ತದೆ. ದಾರಿಯಲ್ಲಿ ಬಸ್ಸು ನಿಂತಾಗ ನೀರಿನ ಕೊಡ ಹಿಡಿದು ಓಡಿಬರುವವರು ಹಲವೊಮ್ಮೆ ಮಕ್ಕಳೇ ಆಗಿರುತ್ತಾರೆ. ಆದುದರಿಂದ ಪಾಠದಲ್ಲಿ ಉಳಿದುದು ಮರೆತರೂ ಇವೆರಡು ಮರೆಯದಂತೆ ಕಲಿಸಬೇಕು.

ತರಗತಿಯ ಚಟುವಟಿಕೆಗಳು

ಒಂದು: ಎರಡು ಸ್ಟೀಲ್ ಬಟ್ಟಲುಗಳಲ್ಲಿ ಸಮನಾಗಿ ಮಳೆನೀರನ್ನೂ ಬೋರ್‌ವೆಲ್ ನೀರನ್ನೂ ಶಿಕ್ಷಕರೇ ಕಾಯಿಸಿ ಆರಿಸಲಿ, ತಳದಲ್ಲಿ ಉಳಿದುದನ್ನು ಮಕ್ಕಳು ಹೋಲಿಸಲಿ. ಎರಡು: ಎರಡು ಲೋಟ ಬಿಸಿನೀರಿಟ್ಟು ಒಂದಕ್ಕೆ ಮಾತ್ರ ಗಾಳಿ ಬೀಸಿ, ಎರಡು ನಿಮಿಷಕ್ಕೊಮ್ಮೆ ಉಷ್ಣತೆ ಗುರುತಿಸಿ ನಕ್ಷೆ ಬರೆಯಲಿ. ಶೀತಕ ದ್ರವವನ್ನು ತರಗತಿಗೆ ತರಕೂಡದು.

ಮೌಲ್ಯಮಾಪನ

1. ಬೆಟ್ಟ ಏರುವಾಗ ಎಂಜಿನ್ ಹೆಚ್ಚು ಕಾಯುವುದೇಕೆ? ಎಂಜಿನ್ನಿನ ಹೊರೆ ಮತ್ತು ಬಸ್ಸಿನ ವೇಗ ಎರಡನ್ನೂ ಗಮನಿಸಿ ಉತ್ತರಿಸಿ.
2. “ನೀರು ಹಾಕಿದರೆ ಸಾಕು, ಕೂಲೆಂಟ್ ಏತಕ್ಕೆ?” ಎನ್ನುವ ಡ್ರೈವರ್ ಮಾವನಿಗೆ ಐದು ವಾಕ್ಯಗಳಲ್ಲಿ ವಿನಯದಿಂದ ಉತ್ತರ ಬರೆಯಿರಿ.

ಎರಡನೆಯ ಪ್ರಶ್ನೆಗೆ ಅಂಕ ನೀಡುವಾಗ ಗ್ಯಾರೇಜಿನ ಪದಗಳನ್ನು ತಪ್ಪೆಂದು ಎಣಿಸಬಾರದು. “ಆದುದರಿಂದ”, “ಏಕೆಂದರೆ” ಎಂಬ ಪದಗಳು ಸರಿಯಾದ ಜಾಗದಲ್ಲಿ ಬಿದ್ದಿವೆಯೇ ಎಂದು ನೋಡಬೇಕು. ಅವು ಸರಿಯಾಗಿದ್ದರೆ ವಿಜ್ಞಾನವೂ ಕನ್ನಡವೂ ಒಟ್ಟಿಗೆ ಕಲಿತಂತಾಯಿತು.