ದಿನಚರಿಯ ಪುಸ್ತಕವೂ ಭಾರವಾದ ಮನಸ್ಸೂ

ಪಾಠಭಾಗ: ಕೀರ್ತನೆ 77 ಮತ್ತು 88, 1 ಅರಸುಗಳು 19



ಶರೀರಕ್ಕೆ ಜ್ವರ ಬಂದರೆ ನಾವು ನಾಚಿಕೆಪಡದೆ ಆಸ್ಪತ್ರೆಗೆ ಹೋಗುತ್ತೇವೆ. ಮನಸ್ಸು ಕುಗ್ಗಿದರೆ ಮಾತ್ರ ಯಾರಿಗೂ ಹೇಳದೆ ಒಳಗೇ ಬಚ್ಚಿಡುತ್ತೇವೆ. ಮಗುವನ್ನು ಮಣ್ಣಿಗೆ ಒಪ್ಪಿಸಿದ ತಾಯಿ, ಬೆಳೆ ಕೆಟ್ಟು ಸಾಲಕ್ಕೆ ಸಿಕ್ಕಿದ ರೈತನು, ಬಂಧುಜನರಿಂದ ಬೇರ್ಪಟ್ಟ ಹೊಸ ವಿಶ್ವಾಸಿ, ಇಂಥವರು ಆದಿತ್ಯವಾರದಲ್ಲಿ ಎಲ್ಲರೊಂದಿಗೆ ಹಾಡಿ, ಮನೆಗೆ ಹೋಗಿ ರಾತ್ರಿಯೆಲ್ಲಾ ನಿದ್ರೆಯಿಲ್ಲದೆ ಇರುವದುಂಟು. ಅದಲ್ಲದೆ, ತನಗೆ ನಿಜವಾದ ವಿಶ್ವಾಸವಿದ್ದರೆ ಈ ದುಃಖ ಬರುತ್ತಿತ್ತೋ ಎಂದು ತಮ್ಮನ್ನು ತಾವೇ ಖಂಡಿಸಿಕೊಳ್ಳುವದೂ ಉಂಟು. ಹೀಗೆ ಒಂದು ಭಾರವು ಎರಡಾಗುತ್ತದೆ. ಇಂಥವರಿಗೆ ಸಹಾಯವಾಗತಕ್ಕ ಒಂದು ಸಣ್ಣ ಸಾಧನವು ದಿನಚರಿಯೇ. ಅದರ ಪ್ರಯೋಜನವನ್ನೂ ಅಪಾಯವನ್ನೂ ಬರೆಯುವ ಕ್ರಮವನ್ನೂ ಈ ಪಾಠದಲ್ಲಿ ನೋಡೋಣ.

1. ವೇದದಲ್ಲಿ ಬರೆದಿಟ್ಟ ದುಃಖ

77ನೇ ಕೀರ್ತನೆಯಲ್ಲಿ ಆಸಾಫನು ತನ್ನ ಸಂಕಟವನ್ನು ಮುಚ್ಚಿಡುವದಿಲ್ಲ. ರಾತ್ರಿಯಲ್ಲಿ ಕಣ್ಣು ಮುಚ್ಚಲಾರದೆ, ಮಾತಾಡಲೂ ಆರದೆ, ದೇವರು ಕರುಣೆ ತೋರಿಸುವದನ್ನು ಮರೆತನೋ ಎಂದು ಕೇಳುತ್ತಾನೆ. ಅನಂತರವೇ ಪೂರ್ವಕಾಲದಲ್ಲಿ ದೇವರು ನಡಿಸಿದ ಕಾರ್ಯಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಾನೆ. ಮೊದಲು ದುಃಖ, ತರುವಾಯ ಜ್ಞಾಪಕ: ಈ ಕ್ರಮವನ್ನು ಗಮನಿಸಿರಿ.

88ನೇ ಕೀರ್ತನೆಯಾದರೋ ಕಡೆಯ ವರೆಗೂ ಕತ್ತಲೆಯಲ್ಲೇ ಉಳಿಯುತ್ತದೆ. ಅದರ ಕೊನೆಯಲ್ಲಿ ಸ್ತುತಿಯ ಮಾತು ಬರುವದಿಲ್ಲ. ಆದರೂ ಅದು ಪರಿಶುದ್ಧ ವೇದದಲ್ಲಿ ಸೇರಿಯದೆ. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ದುಃಖವನ್ನು ಇದ್ದ ಹಾಗೆಯೇ ದೇವರ ಮುಂದೆ ಇಡುವದು ಅವಿಶ್ವಾಸವಲ್ಲ. ಆ ದಿನಕ್ಕೆ ಸಮಾಧಾನ ಸಿಕ್ಕದಿದ್ದರೂ ಪ್ರಾರ್ಥನೆಯು ಪ್ರಾರ್ಥನೆಯೇ.

2. ಡೇವಿಡ್ ಬ್ರೈನರ್ಡನ ದಿನಚರಿ

ದಿನಚರಿ ಬರೆದ ದೇವಸೇವಕರಲ್ಲಿ ಡೇವಿಡ್ ಬ್ರೈನರ್ಡನು ಪ್ರಸಿದ್ಧನು. ಇವನು 1718ರಲ್ಲಿ ಅಮೇರಿಕದ ಕನೆಕ್ಟಿಕಟ್ ಸೀಮೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳಕೊಂಡನು. 1743ರಿಂದ ಆ ದೇಶದ ಮೂಲನಿವಾಸಿಗಳ ಮಧ್ಯದಲ್ಲಿ ಸುವಾರ್ತೆ ಸಾರಿದನು. ಕಾಡಿನಲ್ಲಿ ಒಂಟಿಯಾಗಿ, ಹಲಗೆಯ ಮೇಲೆ ಹುಲ್ಲು ಹಾಸಿ ಮಲಗಿ, ಕ್ಷಯರೋಗದಿಂದ ಬಳಲುತ್ತಾ ಸೇವೆ ಮಾಡಿ, 1747ರಲ್ಲಿ ತನ್ನ 29ನೇ ವಯಸ್ಸಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಎಂಬ ಬೋಧಕರ ಮನೆಯಲ್ಲಿ ತೀರಿಕೊಂಡನು. ಎಡ್ವರ್ಡ್ಸರು ಅವನ ದಿನಚರಿಯನ್ನು ಕ್ರಮಪಡಿಸಿ 1749ರಲ್ಲಿ ಅಚ್ಚುಹಾಕಿಸಿದರು. ಅದನ್ನು ಓದಿ ಪ್ರೇರಿತರಾದವರಲ್ಲಿ ಹೆನ್ರಿ ಮಾರ್ಟಿನನು ಒಬ್ಬನು. ಇವನು 1806ರಲ್ಲಿ ಕಲ್ಕತ್ತೆಗೆ ಬಂದು, ಹೊಸ ಒಡಂಬಡಿಕೆಯನ್ನು ಹಿಂದೂಸ್ತಾನಿ ಭಾಷೆಗೆ ತಿರುಗಿಸಿದನು.

ಆದರೆ ಆ ದಿನಚರಿಯ ಅನೇಕ ಪುಟಗಳು ವಿಷಾದದಿಂದ ತುಂಬಿವೆ. ಮರಣವೇ ಬರಲೆಂದು ಅವನು ಹಲವು ಸಲ ಬಯಸಿದ್ದಾನೆ. ಇದು ಭಕ್ತಿಯ ಲಕ್ಷಣವೆಂದು ಯಾರೂ ಎಣಿಸಬಾರದೆಂದು ಎಡ್ವರ್ಡ್ಸರು ಮುನ್ನುಡಿಯಲ್ಲಿ ಎಚ್ಚರಿಸಿ, ಬ್ರೈನರ್ಡನು ಸ್ವಭಾವದಿಂದ ವಿಷಾದಕ್ಕೆ ಒಳಗಾಗುವವನೆಂದೂ ಶಕ್ತಿಗೆ ಮೀರಿ ದುಡಿದನೆಂದೂ ಹೇಳುತ್ತಾರೆ. ಈ ಭೇದವು ನಮಗೂ ಅವಶ್ಯ. ಪಾಪಕ್ಕಾಗಿ ಪಡುವ ದುಃಖವು ಒಂದು, ಮನಸ್ಸಿನ ರೋಗವು ಇನ್ನೊಂದು. ರೋಗವನ್ನು ಪಾಪವೆಂದು ಎಣಿಸಿ ದಿನದಿನವೂ ತನ್ನ ಮೇಲೆ ತಾನೇ ತೀರ್ಪು ಬರೆಯುವವನಿಗೆ ದಿನಚರಿಯು ಔಷಧವಾಗದೆ ನ್ಯಾಯಸ್ಥಾನವಾಗುವದು.

3. ಪರೀಕ್ಷಿಸಿ ಕಂಡುಕೊಂಡದ್ದು

ಮನಶ್ಶಾಸ್ತ್ರ ಪಂಡಿತರು ಈ ವಿಷಯವನ್ನು ಪರೀಕ್ಷಿಸಿದ್ದಾರೆ. ಅಮೇರಿಕದ ಜೇಮ್ಸ್ ಪೆನಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬವರು 1986ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದ ಪ್ರಕಾರ 4 ದಿನ ಬರೆದರು. ಕೆಲವರು ತಮ್ಮ ಜೀವಮಾನದ ಕಠಿಣ ಸಂಕಟವನ್ನು ಕುರಿತು, ಕೆಲವರು ಸಾಧಾರಣ ಸಂಗತಿಗಳನ್ನು ಕುರಿತು ಬರೆದರು. ಸಂಭವಿಸಿದ್ದನ್ನೂ ಅದರ ವಿಷಯವಾದ ಮನೋಭಾವವನ್ನೂ ಕೂಡಿಸಿ ಬರೆದವರಿಗೆ ಆ ಹೊತ್ತಿಗೆ ದುಃಖವು ಹೆಚ್ಚಾಯಿತು. ಆದರೆ ಮುಂದಣ 6 ತಿಂಗಳಲ್ಲಿ ಅವರು ಕಾಲೇಜಿನ ಚಿಕಿತ್ಸಾಲಯಕ್ಕೆ ಹೋಗುವದು ಕಡಿಮೆಯಾಯಿತು. ಹುಣ್ಣನ್ನು ತೊಳೆಯುವಾಗ ಉರಿಯುವದು, ಆಮೇಲೆ ಮಾಯುವದು.

2006ರಲ್ಲಿ ಇಂಥ 146 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಲವು ನಿಜವಾದದ್ದೇ, ಆದರೆ ಸಾಮಾನ್ಯವಾಗಿ ಸಣ್ಣದೆಂದು ಕಂಡಿತು. ಆದಕಾರಣ ದಿನಚರಿಯಿಂದ ಅದ್ಭುತವನ್ನು ನಿರೀಕ್ಷಿಸಬಾರದು. 2003ರಲ್ಲಿ ಎಮನ್ಸ್ ಮತ್ತು ಮಕ್‌ಕಲ್ಲಾ ಎಂಬವರು ಪ್ರಕಟಿಸಿದ ಪರೀಕ್ಷೆಯಲ್ಲಿ, ವಾರಕ್ಕೊಮ್ಮೆ ಐದು ಉಪಕಾರಗಳ ವರೆಗೆ ಬರೆದವರು ತೊಂದರೆಗಳನ್ನೇ ಬರೆದವರಿಗಿಂತ ತಮ್ಮ ಜೀವಮಾನವನ್ನು ಕುರಿತು ಹೆಚ್ಚು ತೃಪ್ತಿಯುಳ್ಳವರಾಗಿದ್ದರು. ಆಸಾಫನ ಕೀರ್ತನೆಯ ಎರಡು ಭಾಗಗಳು ಇಲ್ಲಿ ನಮ್ಮ ನೆನಪಿಗೆ ಬರುತ್ತವೆ.

4. ಬರೆಯುವ ಕ್ರಮ

ಮಕ್ಕಳ ನೋಟುಬುಕ್ಕೂ ಒಂದು ಪೆನ್ಸಿಲೂ ಸಾಕು. ರಾತ್ರಿಯ ಊಟವಾದ ಮೇಲೆ ಕಾಲು ಗಂಟೆ ಕೂತುಕೊಂಡು ಬರೆಯಿರಿ. ಅಕ್ಷರ ತಪ್ಪಿದರೂ ಚಿಂತೆಯಿಲ್ಲ. ಇದು ಪಾಠಶಾಲೆಯ ಪರೀಕ್ಷೆಯಲ್ಲ.

ಮೊದಲು ನಡೆದದ್ದನ್ನು ಬರೆಯಿರಿ. ಎರಡನೆಯದಾಗಿ, ಅದರಿಂದ ನಿಮ್ಮ ಮನಸ್ಸಿಗೆ ಏನಾಯಿತೆಂಬದನ್ನು ಮರೆಮಾಜದೆ ಬರೆಯಿರಿ. ಕೋಪವಿದ್ದರೆ ಕೋಪವೆಂದೇ ಬರೆಯಿರಿ. ಮೂರನೆಯದಾಗಿ, ನಾಳೆ ನಿಮ್ಮ ಕೈಯಿಂದಾಗುವ ಒಂದು ಸಣ್ಣ ಕೆಲಸವನ್ನು ಗುರುತಿಸಿರಿ. ಕಡೆಗೆ, ಆ ದಿವಸ ಹೊಂದಿದ ಒಂದು ಉಪಕಾರವನ್ನು ಬರೆಯಿರಿ. ನೆರೆಯವಳು ಕೊಟ್ಟ ಒಂದು ಲೋಟ ಮಜ್ಜಿಗೆಯಾದರೂ ಸರಿ. ಯಾವದೂ ತೋಚದ ದಿನದಲ್ಲಿ ಬಲಾತ್ಕಾರದಿಂದ ಬರೆಯಬೇಡಿರಿ. 88ನೇ ಕೀರ್ತನೆಯನ್ನು ನೆನಸಿಕೊಳ್ಳಿರಿ.

ಒಂದೇ ದುಃಖವನ್ನು ಒಂದೇ ಮಾತಿನಲ್ಲಿ ವಾರಗಟ್ಟಲೆ ಬರೆಯುತ್ತಾ ಮನಸ್ಸು ಇನ್ನೂ ಭಾರವಾಗುತ್ತಿದ್ದರೆ ಬರೆಯುವದನ್ನು ನಿಲ್ಲಿಸಿ, ನಂಬಿಕೆಗೆ ಯೋಗ್ಯರಾದ ಒಬ್ಬರ ಸಂಗಡ ಮಾತಾಡಿರಿ. ಗಾಣದ ಎತ್ತು ದಿನವೆಲ್ಲಾ ನಡೆದರೂ ಊರು ಸೇರುವದಿಲ್ಲ.

ಪುಸ್ತಕವನ್ನು ಪೆಟ್ಟಿಗೆಯಲ್ಲಿ ಇಡಿರಿ. ಜಾನ್ ವೆಸ್ಲಿಯವರು 1725ರಲ್ಲಿ ಪ್ರಾರಂಭಿಸಿದ ದಿನಚರಿಯನ್ನು ಬೇರೆಯವರು ಓದದಂತೆ ಗುಪ್ತಾಕ್ಷರಗಳಲ್ಲಿ ಬರೆದರು. ಯಾರಾದರೂ ಓದಿ ಮನೆಯಲ್ಲಿ ಜಗಳವಾಗುವ ಭಯವಿದ್ದರೆ, ಬರೆದ ಹಾಳೆಯನ್ನು ಒಲೆಗೆ ಹಾಕಬಹುದು. ಗಂಡನಾಗಲಿ ಹೆಂಡತಿಯಾಗಲಿ ತಂದೆತಾಯಿಗಳಾಗಲಿ ಮತ್ತೊಬ್ಬರ ದಿನಚರಿಯನ್ನು ಕದ್ದು ಓದುವದು ಸರಿಯಲ್ಲ. ಓದುಬರಹ ಬಾರದವರು ಇದೇ ಕ್ರಮದಿಂದ ದೇವರ ಮುಂದೆ ಬಾಯಿಬಿಟ್ಟು ಹೇಳಲಿ.

5. ಪುಸ್ತಕಕ್ಕೆ ಮೀರಿದ ಭಾರ

ಎಲೀಯನು ಜಾಲಿಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡಾಗ ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆ, ರೊಟ್ಟಿ, ನೀರು, ಆಮೇಲೆ ಮಾತು, ಕಡೆಗೆ ಸಹಾಯಕ್ಕೆ ಎಲೀಷನು. ಆದಕಾರಣ ಎರಡು ವಾರಗಳಿಂದ ನಿದ್ರೆಯೂ ಊಟವೂ ಕೆಟ್ಟು ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗತಕ್ಕದ್ದು. ಸಾಯುವದೇ ಲೇಸೆಂಬ ಯೋಚನೆ ಬಂದರೆ ಒಂದು ದಿನವೂ ತಡಮಾಡದೆ ಮನೆಯವರಿಗೂ ಬೋಧಕರಿಗೂ ತಿಳಿಸಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯಕ್ಕೆ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಹಣವಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತಾಡುತ್ತಾರೆ. ಮಾತ್ರೆ ನುಂಗುವದು ವಿಶ್ವಾಸದ ಕೊರತೆಯಲ್ಲ. ಎಲೀಯನಿಗೆ ರೊಟ್ಟಿ ಕೊಟ್ಟವನೇ ವೈದ್ಯರಿಗೆ ಜ್ಞಾನವನ್ನೂ ಕೊಟ್ಟಿದ್ದಾನೆ.

ಸಭೆಯವರೇ, ನಿಮ್ಮ ಮಧ್ಯದಲ್ಲಿ ಒಬ್ಬರು ಅಳುತ್ತಿದ್ದರೆ ಅವರ ವಿಶ್ವಾಸವನ್ನು ತೂಗಬೇಡಿರಿ. ಅವರ ಬಳಿಯಲ್ಲಿ ಕೂತುಕೊಳ್ಳಿರಿ. ನಮ್ಮ ಕಣ್ಣೀರು ದೇವರ ಪುಸ್ತಕದಲ್ಲಿ ಲೆಕ್ಕಕ್ಕೆ ಬಂದಿದೆಯೆಂದು 56ನೇ ಕೀರ್ತನೆಯು ನಮಗೆ ಕಲಿಸುತ್ತದೆ. ಆತನೇ ಬರೆದಿಟ್ಟಿರುವ ದುಃಖವನ್ನು ನಾವು ಆತನ ಮುಂದೆ ಬರೆಯುವದಕ್ಕೆ ಯಾಕೆ ಅಂಜಬೇಕು?

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. 77ನೇ ಕೀರ್ತನೆಯಲ್ಲಿ ಆಸಾಫನ ಮಾತು ಯಾವ ವಚನದಿಂದ ತಿರುಗುತ್ತದೆ?
2. ಪಾಪಕ್ಕಾಗಿ ಪಡುವ ದುಃಖಕ್ಕೂ ಮನಸ್ಸಿನ ರೋಗಕ್ಕೂ ಇರುವ ಭೇದವೇನು?
3. ನಮ್ಮ ಸಭೆಯಲ್ಲಿ ದುಃಖಪಡುವವರು ನಾಚದೆ ಮಾತಾಡುವಂತೆ ನಾವು ಏನು ಮಾಡಬಹುದು?